ಗೇಟಿಗೆ ಮೂರನೆಯ ಕೀಲು

ನನ್ನ ಮಕ್ಕಳಿಬ್ಬರು ಮತ್ತೆ ಬಡಿದಾಡಿಕೊಂಡರು. ದೊಡ್ಡವನ ತುಟಿ ಸೀಳಿತು, ಚಿಕ್ಕವನ ಹಲ್ಲೊಂದು ಅಂಗಳದ ಮಣ್ಣಿಗೆ ಬಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯೊಳಗಿಂದ ಸಂತೋಷ ಉಕ್ಕಿಕೊಂಡು ಬರುತ್ತದೆ. ಹೆತ್ತವಳು ಇಂಥ ಮಾತು ಬರೆಯಬಹುದೇ ಎಂದು ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಲಿ.

ನಮ್ಮದು ಕಮ್ಮಾರರ ಮನೆ. ನಾನು ಹುಟ್ಟಿದ್ದು ಬೆಳಗೊಳದ ಕಡೆ, ಕೊಟ್ಟಿದ್ದು ಸಿಂಧಘಟ್ಟದ ಪಕ್ಕದ ಹಳ್ಳಿಗೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಓದಲು ಬರೆಯಲು ಬರುತ್ತದೆ, ಆದರೆ ನಿಧಾನ. ಕುಲುಮೆಯಲ್ಲಿ ತಿದಿ ಒತ್ತುವುದಾದರೆ ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಒತ್ತುತ್ತಿದ್ದೆ. ಗಂಡ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟರೆ ಮಕ್ಕಳಿಬ್ಬರೂ ಎದುರುಬದುರು ನಿಂತು ಸಮ್ಮಟಿಗೆ ಬೀಸುತ್ತಿದ್ದರು. ಒಬ್ಬನದು ಮೇಲೆದ್ದಾಗ ಇನ್ನೊಬ್ಬನದು ಇಳಿಯಬೇಕು. ಎರಡೂ ಒಂದೇ ಸಲ ಇಳಿದರೆ ಕೈ ಮೂಳೆ ಉಳಿಯುವುದಿಲ್ಲ. ಅವರಿಬ್ಬರು ಹೊಡೆಯುವ ಸದ್ದು ಕೇಳಿ, ಯಾರೋ ಒಬ್ಬನೇ ಹೊಡೆಯುತ್ತಿದ್ದಾನೆ ಎಂದುಕೊಂಡು ಬಂದವರಿದ್ದಾರೆ.

ಗಂಡ ತೀರಿಕೊಂಡ ಮೇಲೆ ಜಗಳ ಹುಟ್ಟಿತು. ಚಿಕ್ಕವನು ಕುಲುಮೆ ಮುಚ್ಚಿ ವೆಲ್ಡಿಂಗ್ ಇಡೋಣ ಎಂದ. ದೊಡ್ಡವನು ಅಪ್ಪನ ಒಲೆ ಆರಿಸುವುದಿಲ್ಲ ಎಂದ. ಮಾತಿಗೆ ಮಾತು ಬೆಳೆದು ಒಂದು ಬೆಳಿಗ್ಗೆ ಚಿಕ್ಕವನು ಕಾದ ಕಬ್ಬಿಣವನ್ನು ಇಕ್ಕಳದ ಸಮೇತ ಎಸೆದುಬಿಟ್ಟ. ಅದು ದೊಡ್ಡವನ ಮುಂಗೈಗೆ ಅಂಟಿಕೊಂಡು ಚರ್ಮ ಎತ್ತಿಕೊಂಡೇ ಕೆಳಗೆ ಬಿತ್ತು. ದೊಡ್ಡವನು ತಮ್ಮನ ಕೈಯನ್ನು ಅಡಿಗಲ್ಲಿನ ಮೇಲೆ ಒತ್ತಿ ಹಿಡಿದು ಸುತ್ತಿಗೆ ಇಳಿಸಿದ. ಚಿಕ್ಕವನ ಎರಡು ಬೆರಳು ಇವತ್ತಿಗೂ ಸೊಟ್ಟ. ಸೊಸೆಯರು ಒಬ್ಬರ ಜುಟ್ಟು ಒಬ್ಬರು ಹಿಡಿದರು. ನಾನು ತಿದಿಯ ಗಣೆ ಕಿತ್ತುಕೊಂಡು ನಾಲ್ವರಿಗೂ ಬಾರಿಸಿದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಹೆದರುತ್ತಿರಲಿಲ್ಲ. ನಮ್ಮ ಕುಲುಮೆಯಲ್ಲಿ ಹೊಡೆತ ಹೊಸದಲ್ಲ, ಗಾಯಕ್ಕೆ ಅರಿಶಿನ ಹಾಕಿಕೊಂಡು ಮಾರನೆಯ ದಿನ ಮತ್ತೆ ಒಟ್ಟಿಗೆ ನಿಲ್ಲುತ್ತಿದ್ದೆವು. ಆದರೆ ಅವತ್ತು ಸಂಜೆ ಇಬ್ಬರೂ ಕಾಳಮ್ಮನ ಗುಡಿಗೆ ಹೋಗಿ ಕರ್ಪೂರ ಹಚ್ಚಿ ಆರಿಸಿ, ಒಂದೇ ಆಣೆ ಇಟ್ಟರು.

"ಇವತ್ತಿಂದ ಅವ್ರ ಮನೇರ ಕೂಡೆ ನಮ್ ಮನೇರು ಮಾತಾಡಾಕಿಲ್ಲ. ಅವ್ರ ವಸ್ಲು ತುಳಿಯಾಕಿಲ್ಲ. ಬೆಂಕಿ ನೀರು ಕೊಡಾಕಿಲ್ಲ. ಮುರಿದೋರ ಕಣ್ಣೋಗ್ಲಿ."

ಕರ್ಪೂರ ಆರಿಸಿ ಇಟ್ಟ ಆಣೆಯನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಮನೆಯ ನಡುವೆ ಗೋಡೆ ಎದ್ದಿತು. ನನಗೆ ಒಂದು ತಿಂಗಳು ಅವನ ಮನೆಯ ಊಟ, ಒಂದು ತಿಂಗಳು ಇವನ ಮನೆಯ ಊಟ. ಎರಡೂ ಹೊಸಿಲು ತುಳಿಯುವ ಕಾಲು ನನ್ನದೊಂದೇ. ವರ್ಷಗಳು ಹೋದವು. ದೊಡ್ಡವನೂ ಕುಲುಮೆ ಮುಚ್ಚಿ ವೆಲ್ಡಿಂಗ್ ಮಿಷನ್ನೇ ತಂದ. ಗೋಡೆಯ ಆಚೆ ಒಬ್ಬ ಗೇಟು ಬೆಸೆಯುತ್ತಾನೆ, ಈಚೆ ಒಬ್ಬ ಗೇಟು ಬೆಸೆಯುತ್ತಾನೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನನಗೆ ಬೇಕಾಗಿದ್ದು ಒಂದೇ. ನಾನು ಕಣ್ಣು ಮುಚ್ಚುವುದರೊಳಗೆ ಇವರಿಬ್ಬರ ಬಾಯಿಂದ ಒಬ್ಬರಿಗೊಬ್ಬರು ಒಂದು ಮಾತು ಬೀಳಬೇಕು. ಬೈಗುಳವಾದರೂ ಸರಿ.

ದೊಡ್ಡವನಿಗೆ ಮಗಳು, ಚಿಕ್ಕವನಿಗೆ ಮಗ. ಇಬ್ಬರೂ ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಾರೆ. ಒಂದೇ ಬಸ್ಸು, ಒಂದೇ ಕ್ಲಾಸು, ಮಾತಿಲ್ಲ. ಕೊನೆಯ ವರ್ಷ ಇಬ್ಬಿಬ್ಬರು ಸೇರಿ ಒಂದು ಪ್ರಾಜೆಕ್ಟು ಮಾಡಬೇಕಂತೆ. ಒಂದೇ ಊರಿನವರು, ಓಡಾಡಲು ಸಲೀಸು ಎಂದು ಅವರ ಮೇಷ್ಟ್ರು ಇವರಿಬ್ಬರನ್ನೇ ಜೋಡಿ ಮಾಡಿದರು. ಕೆಟ್ಟರೆ ಇಬ್ಬರಿಗೂ ವರ್ಷ ಹಾಳು.

"ಮಾತಾಡ್ದೆ ಎಂಗಜ್ಜಿ ಮಾಡದು?" ಎಂದು ಮೊಮ್ಮಗಳು ಅಳುಮುಖ ಮಾಡಿದಳು.

ಇಬ್ಬರಿಗೂ ಗೊತ್ತಿರುವ ಕಸುಬು ಗೇಟಿನದು. ಗೇಟಿನ ಅಗಲ ಎತ್ತರ ಕೊಟ್ಟರೆ ಸಾಕು, ಫೋನಿನಲ್ಲಿ ಗೇಟಿನ ಚಿತ್ರ ಬಂದು, ಪಟ್ಟಿ ಎಷ್ಟು, ಸರಳು ಎಷ್ಟು, ಕೀಲು ಎಷ್ಟು ಎಂದು ಹೇಳುವಂಥದ್ದು ಮಾಡುವುದೆಂದು ಚೀಟಿ ಬರೆದು ಒಪ್ಪಿಕೊಂಡರು. ಚೀಟಿ ಕೊಂಡೊಯ್ದವಳು ನಾನು. ಆಮೇಲೆ ಬೆರಳುದ್ದದ ಪೆನ್‌ಡ್ರೈವ್ ಒಂದು ಬಂತು. ಮೊಮ್ಮಗಳು ಬರೆದದ್ದನ್ನು ಅದರಲ್ಲಿ ತುಂಬಿ ಕೊಡುವಳು, ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಗೋಡೆ ಸುತ್ತಿ ಹೋಗಿ ಮೊಮ್ಮಗನಿಗೆ ಕೊಡುವೆನು. ಅವನು ತನ್ನದನ್ನು ತುಂಬಿ ವಾಪಸ್ಸು ಕೊಡುವನು. ಒಂದು ಸಲ ಸುಣ್ಣದ ಡಬ್ಬಿಯ ಮುಚ್ಚಳ ಸಡಿಲವಾಗಿ ಪೆನ್‌ಡ್ರೈವಿನ ಬಾಯಿಗೆಲ್ಲ ಸುಣ್ಣ ಮೆತ್ತಿತು. ಸೆರಗಿನಲ್ಲಿ ಒರೆಸಿ ಕೊಟ್ಟೆ. ಅದು ಮತ್ತೆ ಏಳಲಿಲ್ಲ.

ಹೊಸದೊಂದು ತಂದರು. ಅದು ಸುಣ್ಣಕ್ಕಿಂತ ದೊಡ್ಡ ಅನಾಹುತ ಮಾಡಿತು. ಅವಳು ಚಿತ್ರ ಬರುವ ಭಾಗವನ್ನು ತಿದ್ದಿ ಕಳಿಸಿದ್ದಳು. ಅದು ತಲುಪುವ ಮೊದಲೇ ಇವನು ತನ್ನ ಹಳೆಯ ನಕಲನ್ನು ತಿದ್ದಿ ಕುಳಿತಿದ್ದ, ಅವಳದ್ದರ ಮೇಲೆ ತನ್ನದನ್ನು ತುಂಬಿ ವಾಪಸ್ಸು ಕಳಿಸಿದ. ಅವಳು ನೋಡದೆ ಅದನ್ನೇ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು, ಅವಳ ಕೆಲಸ ಅಡಿಯಲ್ಲಿ ಸಿಕ್ಕಿ ಸತ್ತುಹೋಯಿತು. ಮಾರನೆಯ ದಿನ ಬಸ್ಸಿನಲ್ಲಿ ಮೊಮ್ಮಗಳು ಒಂದೂ ಮಾತಾಡದೆ ಟಿಫನ್ ಡಬ್ಬಿ ಎತ್ತಿ ಅವನ ಹಣೆಗೆ ಹೊಡೆದಳು. ಅವನೂ ಮಾತಾಡದೆ ಅವಳ ಜಡೆ ಹಿಡಿದು ಹಣೆಯನ್ನು ಸೀಟಿನ ಕಂಬಿಗೆ ಗುದ್ದಿಸಿದ. ಕಂಡಕ್ಟರು ಬಿಡಿಸಿದನಂತೆ. ಹೊಡೆಯಬಾರದು ಎಂದು ಆಣೆಯಲ್ಲಿ ಇರಲಿಲ್ಲವಲ್ಲ.

ಅವಳ ಹಣೆಗೆ ಅರಿಶಿನ ಮೆತ್ತುತ್ತಾ ನಾನು ಕುಲುಮೆಯ ಮಾತು ಹೇಳಿದೆ. ಇಬ್ಬರೂ ಒಂದೇ ಸಲ ಇಳಿಸಿದರೆ ಆಗುವುದು ಹೀಗೇ ಎಂದೆ. ಅವಳು ನೋವಿನಲ್ಲೂ ನಕ್ಕಳು.

"ಅದುಕ್ಕೊಂದು ದಾರಿ ಅದೆ ಕಣಜ್ಜಿ. ಮೇಷ್ಟ್ರು ಏಳ್ಕೊಟ್ಟವ್ರೆ. ನಾನೇ ಸೋಮಾರಿ, ಮಾಡಿರ್ನಿಲ್ಲ."

ಅವತ್ತು ಅವಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದ್ದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ಮೊದಲು ಇಂಟರ್ನೆಟ್ಟಿನಲ್ಲಿ ಒಂದು ಖಾತೆ ತೆಗೆದಳು. ಅದರಲ್ಲಿ ಪ್ರಾಜೆಕ್ಟಿಗೆಂದೇ ಒಂದು ಮನೆ ಕಟ್ಟಿದಳು. ಆ ಮನೆಗೆ ಬರಲು ಮೊಮ್ಮಗನಿಗೂ ಕರೆ ಕಳಿಸಿದಳು. ಬರೆದದ್ದನ್ನು ಸುಮ್ಮನೆ ಉಳಿಸುವುದಲ್ಲವಂತೆ. ಇಷ್ಟು ಕೆಲಸವಾಯಿತು ಎಂದಾಗ ಒಂದು ಗುರುತು ಹಾಕಿ, ಏನು ಮಾಡಿದೆ ಎಂದು ಒಂದು ಸಾಲು ಟಿಪ್ಪಣಿ ಬರೆಯಬೇಕು. ಅದು ಕಮಿಟ್. ಆಮೇಲೆ ಆನ್‌ಲೈನ್ ಮನೆಗೆ ತಳ್ಳಬೇಕು, ಅದು ಪುಶ್. ಇನ್ನೊಬ್ಬನು ಕೆಲಸಕ್ಕೆ ಕೂರುವ ಮೊದಲು ಅಲ್ಲಿಂದ ಎಳೆದುಕೊಳ್ಳಬೇಕು, ಅದು ಪುಲ್. ಹಳೆಯದು ಯಾವುದೂ ಸಾಯುವುದಿಲ್ಲ, ಬೇಕೆಂದಾಗ ಹಿಂದಕ್ಕೆ ಹೋಗಿ ತೆಗೆಯಬಹುದು. ಇಬ್ಬರೂ ಒಂದೇ ಸಾಲಿಗೆ ಕೈ ಹಾಕಿದ್ದರೆ ಅದು ಮುಂದೆ ಹೋಗದೆ ನಿಂತು, ಎರಡನ್ನೂ ಎದುರಿಗಿಟ್ಟು, ಯಾವುದು ಇರಲಿ ಎಂದು ಕೇಳುತ್ತದೆ.

"ಆ ಟಿಪ್ಪಣಿ ಅವ್ನಿಗೂ ಕಾಣ್ತದಾ?" ಎಂದು ಕೇಳಿದೆ.

"ಊ ಕಣಜ್ಜಿ. ಬರಿಬಾರ್ದು ಅಂತ ಆಣೇಲಿ ಎಲ್ಲದೆ?"

ಅವಳ ಮೊದಲ ಟಿಪ್ಪಣಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. 'ಕೋತಿ, ಇನ್ಮೇಲೆ ಎಳ್ಕೊಂಡು ಆಮೇಲೆ ಮುಟ್ಟು.' ಊಟದ ಹೊತ್ತಿಗೆ ಅವನ ಉತ್ತರ ಬಂತು. 'ಡಬ್ಬಿ ರಾಣಿ, ಚಿತ್ರದ ಬಣ್ಣ ಸರಿ ಮಾಡಿದ್ದೀನಿ. ಹಣೆ ಇನ್ನೂ ಊದಿದೆ.' ಗೋಡೆ ಎದ್ದ ಮೇಲೆ ನನ್ನ ಕೈ ದಾಟದೆ ಆ ಮನೆಯಿಂದ ಈ ಮನೆಗೆ ನೇರವಾಗಿ ಬಂದ ಮೊದಲ ಮಾತು ಅದು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ದೊಡ್ಡವನು ಒಂದು ದಿನ ಮಗಳ ಬೆನ್ನ ಹಿಂದೆ ನಿಂತು ಪರದೆ ನೋಡಿದ. ಹತ್ತಡಿ ಗೇಟಿನ ಒಂದು ಬಾಗಿಲಿಗೆ ಎರಡು ಕೀಲು ಎಂದು ತೋರಿಸುತ್ತಿತ್ತು.

"ಯಾವನು ಆಕ್ದೋನು ಎರಡು?"

"ಅವ್ನು ಕಣಪ್ಪ."

"ಅವ್ನಿಗೆ ಯಾರು ಏಳ್ಕೊಟ್ಟಿರ್ತಾರೆ ಅಂತ ಗೊತ್ತು. ಮೂರು ಮಾಡು. ಆ ಟಿಪ್ಪಣಿನೋ ಗಿಪ್ಪಣಿನೋ, ಅದ್ರಲ್ಲಿ ಬರಿ. ಎರಡು ಕೀಲಿನ ಗೇಟು ಕುರಿ ಗುಮ್ಮುದ್ರೂ ಬೀಳ್ತದೆ ಅಂತ."

ಅವಳು ಹಾಗೇ ಬರೆದು ತಳ್ಳಿದಳು. ಆಗ ನಾನು ದೊಡ್ಡವನ ಮನೆಯ ಊಟದಲ್ಲಿದ್ದೆ. ಆಚೆ ಏನಾಯಿತೋ ಎಂದು ಜೀವ ತಡೆಯಲಿಲ್ಲ, ಚಿಕ್ಕವನ ಬಳ್ಳಿಯ ವೀಳ್ಯದೆಲೆ ಕಿತ್ತುಕೊಳ್ಳುವ ನೆಪದಲ್ಲಿ ಗೋಡೆ ಸುತ್ತಿ ಓಡಿದೆ. ಚಿಕ್ಕವನು ಮಗನ ಲ್ಯಾಪ್‌ಟಾಪಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಉರಿಯುತ್ತಿದ್ದ.

"ಬರಿಲಾ. ಬೇರಿಂಗ್ ಕೀಲು ಎರಡಾದ್ರೆ ಆನೆ ಗುಮ್ಮುದ್ರೂ ಅಲ್ಲಾಡಾಕಿಲ್ಲ. ಇನ್ನೂ ಕುಲುಮೆ ಕಾಲದಲ್ಲೇ ಅವ್ನೆ ನಿಮ್ಮಪ್ಪ ಅಂತ ಬರಿ ಅವ್ಳಿಗೆ."

ನಾನು ಎಲೆ ಕೀಳುವುದನ್ನೇ ಮರೆತೆ. ನನ್ನ ಮಕ್ಕಳು ಬೈದಾಡುತ್ತಿದ್ದಾರೆ. ಮೊಮ್ಮಕ್ಕಳ ಬೆರಳಿನಿಂದಲಾದರೂ, ಬೈದಾಡುತ್ತಿದ್ದಾರೆ. ಕಾಳಮ್ಮನಿಗೆ ಅಲ್ಲೇ ಕೈ ಮುಗಿದೆ.

ಆಮೇಲೆ ದಿನಾ ಅದೇ. ಇವಳು ಮೂರು ಮಾಡುವಳು, ಅವನು ಎರಡು ಮಾಡುವನು. ಟಿಪ್ಪಣಿಗಳಲ್ಲಿ ಗೇಟಿನ ಮಾತು ಕಡಿಮೆಯಾಗುತ್ತ ಬಂದು, ಬೆರಳು, ಮುಂಗೈ, ಅಪ್ಪನ ಒಲೆ ಎಲ್ಲ ಬಂದವು. ದೊಡ್ಡವನು 'ನಿಮ್ಮಪ್ಪನ ಉಳಿದ ಬೆರಳೂ ಮುರೀತೀನಿ ಅಂತವ್ನೆ ನಮ್ಮಪ್ಪ' ಎಂದು ಬರೆಸಿದ. ಚಿಕ್ಕವನು 'ಇಕ್ಕಳ ಇನ್ನೂ ಮಡಗಿದ್ದೀನಿ ಅಂತ ಏಳು' ಎಂದು ಬರೆಸಿದ. ನಾನು ಎರಡು ಕಡೆಯೂ ಕೂತು ಎಲ್ಲವನ್ನೂ ಬೆರಳಿಟ್ಟು ಓದುತ್ತಿದ್ದೆ. ಓದುವುದು ಬೇಗ ಬೇಗ ಬರತೊಡಗಿತು.

ಮೊಮ್ಮಕ್ಕಳಿಗೆ ಮಾತ್ರ ಪ್ರಾಣಸಂಕಟ. ಕೊನೆಗೆ ಮೊಮ್ಮಗಳು ಬೇರೆ ಕವಲು ಒಡೆದಳು. ಬ್ರಾಂಚ್ ಅಂತಾರೆ ಅದಕ್ಕೆ, ಮರದ ಕೊಂಬೆಯ ಹಾಗೆ. ಅವಳ ಕೊಂಬೆಯಲ್ಲಿ ಮೂರು, ಬುಡದಲ್ಲಿ ಎರಡು. ಮೇಷ್ಟ್ರಿಗೆ ತೋರಿಸುವಾಗ ಕೊಂಬೆಯನ್ನು ಬುಡಕ್ಕೆ ಸೇರಿಸಿ ಒಂದೇ ಮಾಡಿರಬೇಕು, ಮರ್ಜ್ ಮಾಡಿರಬೇಕು. ಇಬ್ಬರೂ ಒಪ್ಪದೆ ಅದನ್ನು ಮಾಡಬಾರದೆಂದು ಮೇಷ್ಟ್ರ ಅಪ್ಪಣೆ. ಅಪ್ಪಂದಿರು ಒಪ್ಪಗೊಡುವುದಿಲ್ಲ.

ತೋರಿಸುವ ಹಿಂದಿನ ದಿನ ಭಾನುವಾರ. ಆಗ ನನ್ನ ಊಟ ಚಿಕ್ಕವನ ಮನೆಯಲ್ಲಿ. ಬೆಳಿಗ್ಗೆ ನಾನು ಜಗಲಿಯಲ್ಲಿ ರಾಗಿ ಹಸನು ಮಾಡುತ್ತಿದ್ದೆ, ಒಳಗೆ ಅಪ್ಪ ಮಗನ ಮಾತು ಕೇಳುತ್ತಿತ್ತು. ಮೊಮ್ಮಗಳು ಧೈರ್ಯ ಮಾಡಿ ತನ್ನ ಕೊಂಬೆಯನ್ನು ತಾನೇ ಬುಡಕ್ಕೆ ಸೇರಿಸಿಬಿಟ್ಟಿದ್ದಳು. ಈಗ ಎಲ್ಲ ಕಡೆ ಮೂರು.

"ನಮ್ದುನ್ನ ಅದ್ರ ಮೇಲೆ ತಳ್ಳು," ಎಂದ ಚಿಕ್ಕವನು.

"ತಳ್ಳಕ್ಕಾಗಲ್ಲಪ್ಪ. ಮೊದ್ಲು ಅವ್ಳದ್ನ ಎಳ್ಕೊ ಅಂತದೆ."

"ಬಲವಂತ ಮಾಡಕ್ಕೆ ಬರಾಕಿಲ್ವಾ?"

"ಬತ್ತದೆ. ಆದ್ರೆ ಅಲ್ಲಿರೋ ಅವ್ಳ ಕೆಲ್ಸ ಎಲ್ಲ ವಂಟೋಯ್ತದೆ."

"ಮಾಡ್ಲಾ."

"ಅಪ್ಪಾ..."

ಕೆನ್ನೆಗೆ ಬಿದ್ದ ಏಟಿನ ಸದ್ದು ಜಗಲಿಗೆ ಕೇಳಿತು. ಆಮೇಲೆ ಗುಂಡಿ ಒತ್ತಿದ ಸದ್ದು.

ಗೋಡೆಯ ಆಚೆ ಮೊಮ್ಮಗಳು ಪರದೆ ನೋಡುತ್ತಿದ್ದಳೇನೋ, ಕಿರುಚಿದಳು. ಕುರ್ಚಿ ಉರುಳಿತು. ನನ್ನ ಮೊರದಲ್ಲಿದ್ದ ರಾಗಿ ಇನ್ನೂ ಸರಿಯಾಗಿ ಕೆಳಗೆ ಕೂತಿರಲಿಲ್ಲ, ದೊಡ್ಡವನು ಸಮ್ಮಟಿಗೆ ಹಿಡಿದುಕೊಂಡು ಗೋಡೆ ಸುತ್ತಿ ಬಂದು ತಮ್ಮನ ಗೇಟಿನ ಮುಂದೆ ನಿಂತಿದ್ದ. ಹಳೆಯ ಸಮ್ಮಟಿಗೆ, ನನ್ನ ಗಂಡನದು. ಅವನ ಕಣ್ಣು ಒಲೆಯ ಕೆಂಡದ ಹಾಗಿತ್ತು.

"ಈಚ್ಗೆ ಬಾರ್ಲಾ," ಎಂದ.

ನಾನು ಕಾಯುತ್ತಿದ್ದ ಮಾತು ಅದೇ. ಮಗಳ ಬೆರಳಿನಿಂದಲ್ಲ, ಅವನದೇ ಬಾಯಿಂದ, ತಮ್ಮನಿಗೆ. ನನ್ನ ಕೈಯಿಂದ ಮೊರ ಜಾರಿ ರಾಗಿಯೆಲ್ಲ ಜಗಲಿಯ ತುಂಬ ಚೆಲ್ಲಿತು.

ಚಿಕ್ಕವನು ಬಾಗಿಲಿಗೆ ಬಂದು ನಿಂತ. ಅವನಿಗೂ ಗೊತ್ತಾಗಿತ್ತು ಈಗ ಏನಾಯಿತು ಎಂದು. ಆಮೇಲೆ ಪಂಚೆ ಎತ್ತಿ ಕಟ್ಟಿದ.

"ನಾನ್ಯಾಕ್ಲಾ ಬರ್ಲಿ? ಗಂಡ್ಸಾದ್ರೆ ನೀನೇ ಒಳಿಕ್ಕೆ ಬಾ."

ದೊಡ್ಡವನು ಗೇಟು ದಾಟಿ ಒಳಗೆ ಬಂದ. ನಾನು ಮೊದಲು ಮಾಡಿದ ಕೆಲಸವೆಂದರೆ ಅವನ ಕೈಯ ಸಮ್ಮಟಿಗೆಗೆ ಜೋತುಬಿದ್ದದ್ದು. ಅವನು ಬಿಟ್ಟುಕೊಟ್ಟ. ಅದನ್ನು ಎಳೆದುಕೊಂಡು ಹೋಗಿ ಜಗಲಿಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟೆ. ಮಿಕ್ಕದ್ದು ಕೈಯಲ್ಲಿ ಮಾಡಿಕೊಳ್ಳಲಿ.

ಮಾಡಿಕೊಂಡರು. ದೊಡ್ಡವನು ತಲೆಯಿಂದ ಎದೆಗೆ ಗುಮ್ಮಿದ. ಚಿಕ್ಕವನು ಅವನ ಕಿವಿ ಹಿಡಿದು ಮೊಣಕಾಲಿಗೆ ಮುಖ ಗುದ್ದಿದ, ತುಟಿ ಸೀಳಿ ರಕ್ತ ಅಂಗಿಯ ಮೇಲೆಲ್ಲ ಹರಿಯಿತು. ಸೊಸೆಯರು ಒಬ್ಬಳು ಒನಕೆ, ಒಬ್ಬಳು ಪೊರಕೆ ಹಿಡಿದು ಓಡಿಬಂದರು.

"ಸುಮ್ಕಿರ್ರವ್ವ," ಎಂದೆ. "ಅವ್ರು ಮಾತಾಡ್ತಾವ್ರೆ."

ನಿಜಕ್ಕೂ ಮಾತಾಡುತ್ತಿದ್ದರು. ಒಂದೊಂದು ಏಟಿಗೆ ಒಂದೊಂದು ಮಾತು.

"ಅಪ್ಪನ ತಿಥಿಗೆ ಬರ್ನಿಲ್ಲ ನೀನು."

"ನೀನು ಕರುದ್ಯಾ?"

"ಆಣೆ ಇತ್ತಲ್ಲಾ, ಎಂಗ್ಲಾ ಕರೀಲಿ?"

ಇಬ್ಬರೂ ನೆಲಕ್ಕೆ ಬಿದ್ದು ಉರುಳಿದರು. ಚಿಕ್ಕವನು ಮೇಲೆ ಬಂದು ಅಣ್ಣನ ಕುತ್ತಿಗೆ ಅದುಮಿದ. "ನನ್ ಮಗುಂಗೆ ಜ್ವರ ನೆತ್ತಿಗೇರ್ದಾಗ ಗ್ವಾಡೆ ಆಚೆಯಿಂದ ಕೇಳುಸ್ಕಂಡು ಸುಮ್ಕೆ ಮಲ್ಗಿದ್ದೆ ನೀನು."

"ಸುಮ್ಕೆ ಮಲ್ಗಿದ್ನಾ? ಮತ್ತೆ ಆಟೋ ಕಳ್ಸಿದ್ದು ಯಾರ್ಲಾ?" ಎಂದು ದೊಡ್ಡವನು ಕೆಳಗಿನಿಂದಲೇ ಗುದ್ದಿದ ಗುದ್ದಿಗೆ ಹಲ್ಲು ಹಾರಿತು.

ಆ ಆಟೋ ಕಳಿಸಿದ್ದು ಯಾರೆಂದು ಚಿಕ್ಕವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಹಲ್ಲು ಉಗಿದು, ಅಳುತ್ತಲೇ, ಇನ್ನೂ ಜೋರಾಗಿ ಹೊಡೆಯತೊಡಗಿದ. ದೊಡ್ಡವನೂ ಅಳುತ್ತಿದ್ದ. ನನಗೆ ಎದ್ದು ಕುಣಿಯಬೇಕೆನಿಸಿತು, ಆದರೆ ಸಮ್ಮಟಿಗೆಯ ಮೇಲಿಂದ ಏಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಲ್ಯಾಪ್‌ಟಾಪ್ ಎದೆಗೆ ಅವುಚಿಕೊಂಡು ಬಂದು ಗೇಟಿನ ಹೊರಗೆ ನಿಂತಳು. ಮೊಮ್ಮಗ ಕೆನ್ನೆ ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಎಲ್ಲಾ ವೋಯ್ತಾ?" ಎಂದ ಅವನು.

"ಆನ್‌ಲೈನಲ್ಲಿ ವೋಯ್ತು. ನನ್ ಕಂಪ್ಯೂಟರಲ್ಲಿ ಪೂರ್ತಿ ಅದೆ ಕಣ್ಲಾ, ಕೋತಿ. ಎಳ್ಕೊಂಡಾಗ ಎಲ್ಲ ಬಂದಿರ್ತದಲ್ಲ. ಜಾಗ ಬುಡು, ಕೂತ್ಕತೀನಿ."

ಅಪ್ಪಂದಿರನ್ನು ಸುತ್ತು ಹಾಕಿಕೊಂಡು ಬಂದು ಜಗಲಿಯಲ್ಲಿ ನನ್ನ ಪಕ್ಕಕ್ಕೆ ಇಬ್ಬರೂ ಕೂತರು. ಚೆಲ್ಲಿದ ರಾಗಿಯ ಮೇಲೆಯೇ ಲ್ಯಾಪ್‌ಟಾಪು ತೆರೆದರು. ಅವಳು ತನ್ನಲ್ಲಿದ್ದುದನ್ನು ಹೊಸ ಕೊಂಬೆ ಮಾಡಿ ತಳ್ಳಿದಳು, ಅವನು ಎಳೆದುಕೊಂಡ, ಸೇರಿಸಲು ಒತ್ತಿದ. ಅದು ನಿಂತಿತು. ಮೇಲೆ ಎರಡು, ಕೆಳಗೆ ಮೂರು, ಯಾವುದು ಇರಲಿ ಎಂದು ಕೇಳುತ್ತಿತ್ತು. ನಾನೂ ಓದಿದೆ.

"ಏನ್ ಆಕದು?" ಎಂದ ಮೊಮ್ಮಗ.

ಅಂಗಳದಲ್ಲಿ ದೊಡ್ಡವನು ತಮ್ಮನ ಸೊಂಟ ಹಿಡಿದೆತ್ತಿ ಗೇಟಿಗೆ ಅಪ್ಪಳಿಸಿದ. ಅದು ಚಿಕ್ಕವನೇ ಬೆಸೆದ ಗೇಟು, ಬಾಗಿಲಿಗೆ ಎರಡೆರಡು ಕೀಲಿನದು. ಮೇಲಿನ ಕೀಲು ಕಿರ್ರೆಂದು ಕಿತ್ತುಬಂತು, ಬಾಗಿಲು ಇಬ್ಬರನ್ನೂ ಹೊತ್ತುಕೊಂಡು ರಸ್ತೆಯ ಕಡೆಗೆ ಬಿತ್ತು. ಧೂಳೆದ್ದಿತು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು ನಿಂತರು.

ಚಿಕ್ಕವನು ಬಿದ್ದ ಗೇಟಿನ ಮೇಲೆ ಅಂಗಾತ ಮಲಗಿ, ರಕ್ತ ಉಗಿದು, ತಲೆ ಎತ್ತಿ ಜಗಲಿಯ ಕಡೆ ನೋಡಿದ.

"ಮೂರು ಆಕವ್ವ, ಮಗಳೆ," ಎಂದ. ಅವಳು ಹೈಸ್ಕೂಲಿಗೆ ಹೋಗುವ ಮುಂಚಿನಿಂದ ಅವನು ಅವಳೊಂದಿಗೆ ಮಾತಾಡಿರಲಿಲ್ಲ.

"ಆಯ್ತು ಚಿಕ್ಕಪ್ಪ," ಎಂದಳು.

ದೊಡ್ಡವನು ಪಕ್ಕದಲ್ಲಿ ಮೊಣಕೈ ಊರಿ ಎದ್ದು, ಕಿತ್ತ ಕೀಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಕೀಲು ಎರಡೇ ಸಾಕಿತ್ತು ಕಣ್ಲಾ. ನೀನು ಬೆಸುಗೆ ನೆಟ್ಗೆ ಇಳ್ಸಿಲ್ಲ, ಅದುಕ್ಕೆ ಕಿತ್ಕಂಡ್ ಬಂದದೆ."

"ನನ್ ಬೆಸುಗೆಗೆ ಏನಾಗದೆ? ಮೂರು ಆಕಿದ್ರೆ ನಿಲ್ತಿತ್ತು."

"ಎರಡು ಸಾಕು ಅಂದೆ."

"ಮೂರು ಅಂದ್ನಲ್ಲ."

ಮತ್ತೆ ಅಂಗಿ ಹಿಡಿದುಕೊಂಡರು. ಮೊಮ್ಮಕ್ಕಳು ಅವರ ಕಡೆ ನೋಡಲಿಲ್ಲ. ಮೊಮ್ಮಗಳು ಮೂರನ್ನು ಇಟ್ಟು ಎರಡನ್ನು ಅಳಿಸಿದಳು, ಮೊಮ್ಮಗ ತಳ್ಳಿದ. ಸೇರಿಕೊಂಡಿತು.

ಸೋಮವಾರ ತೋರಿಸಿ ಪಾಸಾದರು. ಟಿಪ್ಪಣಿಗಳನ್ನೆಲ್ಲ ಓದಿದ ಮೇಷ್ಟ್ರು, ಇಷ್ಟು ಜಗಳವಿರುವ ಪ್ರಾಜೆಕ್ಟು ತಾವು ನೋಡಿಲ್ಲ ಎಂದರಂತೆ. ಆಣೆ ಮುರಿದದ್ದಕ್ಕೆ ಎರಡೂ ಮನೆಯವರು ಕಾಳಮ್ಮನಿಗೆ ತಪ್ಪುಕಾಣಿಕೆ ಕಟ್ಟಿ, ಕಣ್ಣು ಕಾಯಮ್ಮ ಎಂದು ಅಡ್ಡಬಿದ್ದು ಬಂದೆವು. ಗುಡಿಯ ಮೆಟ್ಟಿಲಲ್ಲೂ, ಮೊದಲು ಬಾಯಿ ತೆರೆದವನು ನೀನು, ಕಾಣಿಕೆ ನೀನು ಹೆಚ್ಚು ಹಾಕಬೇಕು ಎಂದು ಒಬ್ಬರನ್ನೊಬ್ಬರು ತಳ್ಳಿದರು.

ಗೇಟು ಇನ್ನೂ ಗೋಡೆಗೆ ಒರಗಿಕೊಂಡಿದೆ. ಕಿತ್ತವನು ಬೆಸೆಯಲಿ ಎಂದು ಚಿಕ್ಕವನು, ಕೆಟ್ಟದಾಗಿ ಬೆಸೆದವನೇ ಬೆಸೆಯಲಿ ಎಂದು ದೊಡ್ಡವನು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಗೋಡೆಯ ಎರಡೂ ಕಡೆಯಿಂದ ಬೈಗುಳ ಶುರುವಾಗುತ್ತದೆ. ನಾನು ಕಾಫಿ ಲೋಟ ಹಿಡಿದುಕೊಂಡು ಜಗಲಿಯಲ್ಲಿ ಕೂತು ಕೇಳುತ್ತೇನೆ. ದನ ಒಳಗೆ ನುಗ್ಗುತ್ತವೆ, ಗೇಟು ನಿಲ್ಲಿಸಿ ಎಂದು ಸೊಸೆಯರು ನನ್ನ ಮೇಲೆ ರೇಗುತ್ತಾರೆ. ನನಗೇನೂ ಅವಸರವಿಲ್ಲ.